ಕೆರೆಯ ದಂಡೆಯ ಲೆಕ್ಕ



ಈ ತಿಂಗಳ ಮಾತನ್ನು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸಬೇಕಾಗಿದೆ. ಆರು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ನಾವು ನಮ್ಮ ಹುಟ್ಟೂರಿನ ಕೆರೆಯ ಕುರಿತು ಬರೆದಿದ್ದೆವು. ಚಳಿಗಾಲ ಕಾಲಿಟ್ಟೊಡನೆ ಹಿಮಾಲಯದ ಆಚೆಯಿಂದ ಹೊರಟುಬರುವ ಹೆಬ್ಬಾತುಗಳೇ ಮೊದಲಾದ ಹಕ್ಕಿಗಳು ಆ ಕೆರೆಯಲ್ಲಿ ಹತ್ತು ಸಾವಿರ ಸಂಖ್ಯೆಯಲ್ಲಿ ಬಂದಿಳಿಯುತ್ತವೆ ಎಂಬ ಒಂದು ವಾಕ್ಯ ಆ ಲೇಖನದಲ್ಲಿತ್ತು. ಓದಿದವರು ಮೆಚ್ಚಿದರು. ಊರಿನ ಹಿರಿಯರಂತೂ ಹಿಗ್ಗಿ, ಆ ವಾಕ್ಯವನ್ನು ತಗಡಿನ ಫಲಕವೊಂದರ ಮೇಲೆ ಬಣ್ಣದಲ್ಲಿ ಬರೆಯಿಸಿ, ಕೆಳಗೆ ನಮ್ಮ ಹೆಸರನ್ನೂ ಕಾಣಿಸಿ, ಕೆರೆಯ ಏರಿಯ ಮೇಲೆ ನಿಲ್ಲಿಸಿದರು. ಊರಿಗೆ ಹೋದಾಗಲೆಲ್ಲ ಆ ಫಲಕವನ್ನು ಕಂಡು ನಾವೂ ಒಳಗೊಳಗೇ ಸಂತೋಷಪಟ್ಟದ್ದುಂಟು. ಆ ಹತ್ತು ಸಾವಿರವನ್ನು ನಾವು ಎಂದೂ ಎಣಿಸಿರಲಿಲ್ಲ ಎಂಬುದು ಮಾತ್ರ ಕಳೆದ ಜನವರಿಯವರೆಗೆ ನಮ್ಮ ಮನಸ್ಸಿಗೆ ಹೊಳೆಯಲೇ ಇಲ್ಲ.

ನಮ್ಮ ತಾಲ್ಲೂಕು ಸ್ಥಳದಲ್ಲಿ ಪಕ್ಷಿವೀಕ್ಷಕರ ಒಂದು ಚಿಕ್ಕ ಬಳಗವಿದೆ. ಪ್ರೌಢಶಾಲೆಯ ವಿಜ್ಞಾನದ ಮಾಸ್ತರರೊಬ್ಬರು ಅದರ ಮುಂದಾಳು. ಔಷಧಿ ಅಂಗಡಿಯವರೊಬ್ಬರು, ಬ್ಯಾಂಕಿನ ಉದ್ಯೋಗಿಗಳಿಬ್ಬರು, ಮನೆಯಲ್ಲಿ ಹೊಲಿಗೆಯ ಕೆಲಸ ಮಾಡುವ ತಾಯಿಯೊಬ್ಬರು, ಉಳಿದಂತೆ ಕಾಲೇಜು ಮತ್ತು ಶಾಲೆಯ ಮಕ್ಕಳು. ಇವರಲ್ಲಿ ಯಾರಿಗೂ ಸಂಬಳವಿಲ್ಲ, ಭತ್ಯೆಯಿಲ್ಲ. ರವಿವಾರದ ಬೆಳಗಿನ ನಿದ್ರೆಯನ್ನು ಬಿಟ್ಟು, ಬುತ್ತಿ ಕಟ್ಟಿಕೊಂಡು, ಸ್ವಂತ ಖರ್ಚಿನಲ್ಲಿ ಕೆರೆಯಿಂದ ಕೆರೆಗೆ ತಿರುಗುತ್ತಾರೆ. ಏಷ್ಯಾ ಖಂಡದ ಅನೇಕ ದೇಶಗಳಲ್ಲಿ ಪ್ರತಿವರ್ಷ ಜನವರಿಯಲ್ಲಿ ನೀರುಹಕ್ಕಿಗಳ ಗಣತಿಯೊಂದು ನಡೆಯುತ್ತದೆ. ಇದು ೧೯೮೭ರಲ್ಲಿ ಭಾರತ ಉಪಖಂಡದಲ್ಲಿ ಮೊದಲುಗೊಂಡದ್ದು. ಆ ಗಣತಿಗೆ ಈ ಬಳಗದವರು ಈ ಸಲ ನಮ್ಮೂರ ಕೆರೆಯನ್ನೂ ಸೇರಿಸಿಕೊಂಡಿದ್ದರು. ನಮ್ಮ ತಮ್ಮನ ಮೊಮ್ಮಗಳು, ಒಂಬತ್ತನೆಯ ತರಗತಿಯ ಹುಡುಗಿ, ಬಳಗದಲ್ಲಿ ಒಬ್ಬಳು. ಅವಳೇ ಬಂದು ಕರೆದಳು: “ಅಜ್ಜಾರ, ಈ ಕೆರಿ ಬಗ್ಗೆ ಬರದವ್ರು ನೀವು. ನೀವು ಬರಲಿಲ್ಲಂದ್ರ ಹ್ಯಾಂಗ್ರಿ?” ನಾವು ಒಪ್ಪಿದೆವು.

ಗಣತಿಯ ಹಿಂದಿನ ರಾತ್ರಿ ಬಳಗದವರು ನಮ್ಮ ಮನೆಯಲ್ಲಿಯೇ ಉಳಿದರು. ಊಟವಾದ ಮೇಲೆ ಮಾಸ್ತರರು ಒಂದು ತಾಟನ್ನು ತರಿಸಿ, ಅದರಲ್ಲಿ ಜೋಳದ ಕಾಳುಗಳನ್ನು ಚೆಲ್ಲಿ, ಒಂದೇ ನೋಟದಲ್ಲಿ ಎಷ್ಟು ಕಾಳುಗಳಿವೆ ಎಂದು ಹೇಳುವಂತೆ ಎಲ್ಲರನ್ನೂ ಕೇಳಿದರು. ನಾವು ಐದುನೂರು ಎಂದೆವು. ಎಣಿಸಿ ನೋಡಿದಾಗ ಇದ್ದುದು ೧೮೦. ಮಕ್ಕಳು ನಕ್ಕರು, ನಾವೂ ನಕ್ಕೆವು. ಮಾಸ್ತರರು ವಿಧಾನವನ್ನು ತಿಳಿಸಿದರು. ಮೊದಲು ಹತ್ತು ಕಾಳುಗಳನ್ನು ಒಂದೊಂದಾಗಿ ಎಣಿಸಬೇಕು. ಆ ಹತ್ತು ಕಾಳುಗಳು ಎಷ್ಟು ಜಾಗವನ್ನು ಹಿಡಿದಿವೆ ಎಂಬುದನ್ನು ಕಣ್ಣಿನಲ್ಲಿ ಇಟ್ಟುಕೊಳ್ಳಬೇಕು. ಅದೇ ಅಳತೆಯನ್ನು ಉಳಿದ ರಾಶಿಯ ಮೇಲೆ ಸರಿಸುತ್ತ ಹೋಗಬೇಕು. ಹಿಂಡು ದೊಡ್ಡದಿದ್ದರೆ ಐವತ್ತರ ಅಳತೆ, ಇನ್ನೂ ದೊಡ್ಡದಿದ್ದರೆ ನೂರರ ಅಳತೆ. ಇಬ್ಬರು ಬೇರೆ ಬೇರೆಯಾಗಿ ಎಣಿಸಿ ಅನಂತರ ತಾಳೆ ನೋಡಬೇಕು. ಎಣಿಸಿದ್ದನ್ನು ಎಣಿಕೆಯೆಂದೂ ಅಂದಾಜಿಸಿದ್ದನ್ನು ಅಂದಾಜೆಂದೂ ಬರೆಯಬೇಕು.

ಈ ಕೊನೆಯ ಮಾತನ್ನು ಕೇಳಿದೊಡನೆ ನಮಗೆ ಐವತ್ತು ವರ್ಷಗಳಿಗೂ ಹಿಂದಿನ ಒಂದು ಸಂಜೆ ನೆನಪಿಗೆ ಬಂತು. ನಾವು ಮಠದ ಪಾಠಶಾಲೆಯಲ್ಲಿ ಓದುತ್ತಿದ್ದ ದಿನಗಳವು. ಸಂಜೆಯ ಪ್ರಸಾದಕ್ಕೆ ಎಷ್ಟು ಜನ ಕೂಡುತ್ತಾರೆ ಎಂಬುದನ್ನು ಎಣಿಸಿ ಅಡುಗೆಮನೆಗೆ ತಿಳಿಸುವ ಕೆಲಸ ನಮ್ಮ ಪಾಲಿಗಿತ್ತು. ಒಂದು ದಿನ ಆಟದ ಗುಂಗಿನಲ್ಲಿ ಎಣಿಸದೆಯೇ ಒಂದು ಸಂಖ್ಯೆಯನ್ನು ಹೇಳಿಬಿಟ್ಟೆವು. ಕೊನೆಯ ಪಂಕ್ತಿಗೆ ಅನ್ನ ಸಾಲದೆ ಹೋಯಿತು. ದೂರದ ಊರಿನಿಂದ ನಡೆದುಬಂದಿದ್ದ ವೃದ್ಧ ದಂಪತಿಗಳು ಬರಿಯ ಮಜ್ಜಿಗೆ ಕುಡಿದು ಮಲಗಿದರು. ಅಡುಗೆಯ ಹಿರಿಯರು ನಮ್ಮನ್ನು ಹೊಡೆಯಲಿಲ್ಲ. “ಎಣಿಸಿದ್ರ ಎಣಿಸೀನಂತ ಹೇಳು, ಅಂದಾಜಾದ್ರ ಅಂದಾಜಂತ ಹೇಳು. ಎರಡೂ ನಡೀತಾವು. ಎಣಿಸದ ಎಣಿಸೀನಿ ಅನಬ್ಯಾಡ” ಎಂದರು. ಅಷ್ಟು ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ಲೇಖನಿ ಹಿಡಿದ ಮೇಲೆ ಮರೆತಿದ್ದೆವು.

ಮರುದಿನ ನಸುಕಿನಲ್ಲಿ, ಇನ್ನೂ ಮಂಜು ಕವಿದಿರುವಾಗಲೇ, ಹದಿನಾಲ್ಕು ಜನ ಏರಿಯ ಮೇಲೆ ಸೇರಿದೆವು. ಸೂರ್ಯ ಬೆನ್ನ ಹಿಂದೆ ಇರುವಂತೆ ನಿಂತರೆ ಹಕ್ಕಿಯ ಬಣ್ಣ ಸ್ಪಷ್ಟವಾಗಿ ಕಾಣುತ್ತದೆಯೆಂದು ಪೂರ್ವದ ದಂಡೆಯನ್ನು ಆರಿಸಿಕೊಂಡಿದ್ದರು. ಕೆರೆಯನ್ನು ನಾಲ್ಕು ಭಾಗ ಮಾಡಿ ನಾಲ್ಕು ತಂಡಗಳಿಗೆ ಹಂಚಿದರು. ಮೊಮ್ಮಗಳಿಗೆ ದುರ್ಬೀನು, ನಮಗೆ ಕಾಗದ ಮತ್ತು ಪೆನ್ಸಿಲು. ಅವಳು ನೋಡಿ ಹೇಳುವುದು, ನಾವು ಬರೆದುಕೊಳ್ಳುವುದು. ನಾಮದ ಕೋಳಿ, ಗುಳುಮುಳುಕ, ನೀರುಕಾಗೆ, ಮೆಟ್ಟುಗಾಲು ಹಕ್ಕಿ, ಬಣ್ಣದ ಕೊಕ್ಕರೆ, ಬೆಳ್ಳಕ್ಕಿ — ಒಂದೊಂದರ ಮುಂದೆಯೂ ಸಂಖ್ಯೆ. ಅರವತ್ತು ದಾಟಿದ ಈ ವಯಸ್ಸಿನಲ್ಲಿ ಹುಟ್ಟೂರ ಕೆರೆಯ ಎಷ್ಟೋ ಹಕ್ಕಿಗಳ ಹೆಸರನ್ನು ಮೊದಲ ಬಾರಿಗೆ ಬರೆದುಕೊಂಡೆವೆಂದು ಹೇಳಲು ನಮಗೆ ಸಂಕೋಚವೇನೂ ಇಲ್ಲ.

ಹೆಬ್ಬಾತುಗಳು ಇನ್ನೂ ಬಂದಿರಲಿಲ್ಲ. ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವುದರಿಂದ ಇವುಗಳನ್ನು ಪಟ್ಟೆತಲೆ ಹೆಬ್ಬಾತುಗಳೆಂದು ಕರೆಯುತ್ತಾರೆ. ಮಧ್ಯ ಏಷ್ಯಾದ ಎತ್ತರದ ಸರೋವರಗಳ ಬಳಿ ಮರಿಮಾಡಿ, ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಮಂಗೋಲಿಯಾದಲ್ಲಿ ವಿಜ್ಞಾನಿಗಳು ಕೊರಳಿಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ನಮ್ಮ ನಾಡಿನ ಕೆರೆಗಳಲ್ಲಿ ಕಂಡದ್ದುಂಟು. ರಾತ್ರಿಯೆಲ್ಲ ಹೊಲಗಳಲ್ಲಿ ಮೇದು, ಹೊತ್ತು ಏರಿದಂತೆ ವಿಶ್ರಾಂತಿಗಾಗಿ ಕೆರೆಗೆ ಮರಳುವುದು ಅವುಗಳ ರೂಢಿ. ಕಾಯುತ್ತಿದ್ದಾಗ ಮಾಸ್ತರರು ಮಕ್ಕಳಿಗೆ ಈ ಎಣಿಕೆಯ ಹಿಂದಿನ ಕಥೆಯನ್ನು ಹೇಳಿದರು.

ಅಮೆರಿಕದಲ್ಲಿ ಕ್ರಿಸ್‌ಮಸ್ ಹಬ್ಬದ ದಿನ ಬಂದೂಕು ಹಿಡಿದು ಎರಡು ಪಕ್ಷಗಳಾಗಿ ಹೊರಟು, ಯಾವ ಪಕ್ಷ ಹೆಚ್ಚು ಹಕ್ಕಿಗಳನ್ನೂ ಪ್ರಾಣಿಗಳನ್ನೂ ಕೊಂದಿತೆಂದು ಪಂದ್ಯ ಕಟ್ಟುವ ವಾಡಿಕೆಯೊಂದಿತ್ತಂತೆ. ೧೯೦೦ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಪಕ್ಷಿತಜ್ಞರು, ಕೊಲ್ಲುವುದರ ಬದಲು ಎಣಿಸೋಣ ಎಂದು ಕರೆಕೊಟ್ಟರು. ಆ ವರ್ಷ ೨೫ ಸ್ಥಳಗಳಲ್ಲಿ ೨೭ ಜನ ಮಾತ್ರ ಎಣಿಸಿದರು. ಆ ಎಣಿಕೆ ಇಂದಿಗೂ ವರ್ಷ ತಪ್ಪದೆ ನಡೆದುಬಂದಿದೆ. ನಮ್ಮ ನಾಡಿನಲ್ಲಿ ೧೯೩೯-೪೦ರಲ್ಲಿ ಡಾ. ಸಲೀಂ ಅಲಿಯವರು ಅಂದಿನ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ರಂಗನತಿಟ್ಟಿನ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡುಕಟ್ಟುವುದನ್ನು ಕಂಡು, ಅದನ್ನು ರಕ್ಷಿಸಬೇಕೆಂದು ಅವರು ಅರಸರಲ್ಲಿ ಕೇಳಿಕೊಂಡರು. ೧೯೪೦ರಲ್ಲಿ ಅದು ಪಕ್ಷಿಧಾಮವಾಯಿತು.

“ಎಣಿಸಿದ್ರ ಏನ್ ಆಗತೈತ್ರಿ ಸರ್? ಹಕ್ಕಿ ಹೆಚ್ಚಾಗತಾವೇನು?” ಎಂದು ಒಬ್ಬ ಹುಡುಗ ಕೇಳಿದ. ಮಾಸ್ತರರು ಉತ್ತರಿಸುವ ಮೊದಲು ನಮ್ಮ ಕಡೆಗೆ ತಿರುಗಿ, “ಶಾಸ್ತ್ರಿಗಳ, ನಿಮ್ಮ ಸಣ್ಣಂದಿನಾಗ ಇಲ್ಲಿ ರಣಹದ್ದು ಇದ್ದುವೇನ್ರಿ?” ಎಂದು ಕೇಳಿದರು. ಇದ್ದವು. ಊರ ಹೊರಗೆ ಸತ್ತ ದನವನ್ನು ಹಾಕಿದರೆ ಗಳಿಗೆಯೊಳಗೆ ಆಕಾಶದಿಂದ ಇಳಿಯುತ್ತಿದ್ದವು. ಅವು ಯಾವ ವರ್ಷದಿಂದ ಬರಲಿಲ್ಲ ಎಂದು ಕೇಳಿದರೆ ನಮಗೆ ಹೇಳಲಾಗಲಿಲ್ಲ. ಅಲ್ಲಿದ್ದ ಊರವರಾರಿಗೂ ಹೇಳಲಾಗಲಿಲ್ಲ. ನಾವು ಯಾರೂ ಎಣಿಸಿರಲಿಲ್ಲ.

ರಾಜಸ್ಥಾನದ ಭರತಪುರದಲ್ಲಿ ಎಣಿಸುವವರಿದ್ದರು. ಎಂಬತ್ತರ ದಶಕದಲ್ಲಿ ಅಲ್ಲಿ ರಣಹದ್ದುಗಳ ಗೂಡುಗಳನ್ನು ಎಣಿಸಿ ಬರೆದಿಟ್ಟಿದ್ದರಿಂದಲೇ, ತೊಂಬತ್ತರ ದಶಕದಲ್ಲಿ ಅವು ಕುಸಿಯುತ್ತಿರುವುದು ಗೊತ್ತಾಯಿತು. ೧೯೯೨ರಿಂದ ೨೦೦೭ರೊಳಗೆ ನಮ್ಮ ದೇಶದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಇಲ್ಲವಾದವು. ದನಕರುಗಳಿಗೆ ನೋವು ಶಮನಕ್ಕೆಂದು ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿಯೇ ಅದಕ್ಕೆ ಕಾರಣ. ಆ ಔಷಧಿ ಪಡೆದು ಸತ್ತ ದನದ ಮಾಂಸವನ್ನು ತಿಂದ ಹದ್ದುಗಳ ಮೂತ್ರಪಿಂಡಗಳು ಕೆಟ್ಟು ಅವು ಸಾಯುತ್ತಿದ್ದವು. ೨೦೦೬ರಲ್ಲಿ ಸರಕಾರ ಪಶುಗಳಿಗೆ ಅದನ್ನು ಬಳಸುವುದನ್ನು ನಿಷೇಧಿಸಿತು. ಎಣಿಸಿದ್ದರಿಂದ ಹದ್ದುಗಳು ಹೆಚ್ಚಾಗಲಿಲ್ಲ ನಿಜ. ಆದರೆ ಕಳೆದುಕೊಳ್ಳುತ್ತಿದ್ದೇವೆ ಎಂಬುದು ತಿಳಿದದ್ದು, ಕಾರಣವನ್ನು ಹುಡುಕುವುದಕ್ಕೆ ಜನ ಹೊರಟದ್ದು ಎಣಿಕೆಯಿಂದ.

ಅಷ್ಟರಲ್ಲಿ ಉತ್ತರದ ಹೊಲಗಳ ಮೇಲಿಂದ ಕೂಗು ಕೇಳಿಸಿತು. ಹೆಬ್ಬಾತುಗಳು ಸಾಲುಸಾಲಾಗಿ ಬಂದು ನೀರಿಗಿಳಿಯತೊಡಗಿದವು. ಆ ನೋಟಕ್ಕೆ ನಮ್ಮ ಮೈ ಜುಮ್ಮೆಂದಿತು. ಎರಡು ಸಾವಿರವಾದರೂ ಇರಬೇಕೆಂದು ನಮಗನ್ನಿಸಿತು. ಮಕ್ಕಳು ಮಾತಾಡದೆ ಎಣಿಸುತ್ತಿದ್ದರು. ಒಂದು ತಂಡ ೩೯೮ ಎಂದಿತು, ಇನ್ನೊಂದು ೪೩೧ ಎಂದಿತು. ಹಕ್ಕಿಗಳು ನೆಲೆನಿಂತ ಮೇಲೆ ಇಬ್ಬರೂ ಮತ್ತೊಮ್ಮೆ ಎಣಿಸಿ ೪೧೨ ಎಂದು ಒಪ್ಪಿದರು. ಗಣತಿ ಮುಗಿಯುವ ವೇಳೆಗೆ ಇಡೀ ಕೆರೆಯಲ್ಲಿ ೩೧ ಬಗೆಯ, ಒಟ್ಟು ೧,೧೩೬ ಹಕ್ಕಿಗಳು ಲೆಕ್ಕಕ್ಕೆ ಬಂದಿದ್ದವು. ಅವರು ಎಣಿಸುತ್ತಿದ್ದುದು ನಮ್ಮ ಫಲಕದಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ.

ಚಹಾ ಕುಡಿಯುವಾಗ ಕೆರೆ ಸಮಿತಿಯ ಅಧ್ಯಕ್ಷರು ಬಂದರು. ಅವರು ನಮ್ಮ ಬಾಲ್ಯದ ಗೆಳೆಯರು. ಲೆಕ್ಕವನ್ನು ಕೇಳಿ ಅವರ ಮುಖ ಸಣ್ಣದಾಯಿತು. “ಇಷ್ಟ ಬರದ್ರ ಹ್ಯಾಂಗ್ರಿ ಮಾಸ್ತರ? ಒಡ್ಡು ಎರಡು ಕಡೆ ಸೋರಾಕ ಹತ್ತೇತಿ. ರಿಪೇರಿ ಮಾಡಿಸಿಕೊಡ್ರಿ ಅಂತ ಅರ್ಜಿ ಹಾಕೀವಿ. ಅದರಾಗ ಹತ್ತು ಸಾವಿರ ಹಕ್ಕಿ ಅಂತ ಐತಿ. ನೀವು ಸಾವಿರ ಅಂದ್ರ ಯಾರು ರೊಕ್ಕ ಕೊಡತಾರ?” ಎಂದರು. ಅವರ ಚಿಂತೆ ಸುಳ್ಳಲ್ಲ. ಆ ಏರಿ ಒಡೆದರೆ ಕೆರೆಯೂ ಇಲ್ಲ, ಹಕ್ಕಿಯೂ ಇಲ್ಲ, ಕೆಳಗಿನ ಹೊಲಗಳಿಗೆ ನೀರೂ ಇಲ್ಲ. ಮಾಸ್ತರರು ವಿನಯದಿಂದಲೇ, ಕಂಡದ್ದಕ್ಕಿಂತ ಒಂದನ್ನೂ ಹೆಚ್ಚು ಬರೆಯಲಾಗದು ಎಂದರು. ಆಗ ನಮ್ಮ ಗೆಳೆಯರು ನಮ್ಮ ಕಡೆಗೆ ಕೈಮಾಡಿ, “ಶಾಸ್ತ್ರಿಗಳು ಬರದಾರಲ್ರೀ! ಓದಿದವ್ರು ಸುಳ್ಳ ಬರೀತಾರೇನು?” ಎಂದುಬಿಟ್ಟರು.

ಎಲ್ಲರೂ ನಮ್ಮನ್ನು ನೋಡಿದರು. ನಾವು ಒಂದು ಗಳಿಗೆ ಸುಮ್ಮನಿದ್ದೆವು. ಈಗ ಕಡಿಮೆಯಾಗಿರಬಹುದು, ಆಗ ಹೆಚ್ಚಿದ್ದವು ಎಂದು ಹೇಳಿ ಪಾರಾಗಬಹುದೆಂಬ ಯೋಚನೆ ನಮಗೆ ಬಾರದಿರಲಿಲ್ಲ. ಮೊಮ್ಮಗಳು ಯಾವ ಕಪಟವೂ ಇಲ್ಲದೆ, ಬರೆದುಕೊಳ್ಳಲು ಪೆನ್ಸಿಲನ್ನು ಹಿಡಿದೇ ಕೇಳಿದಳು: “ಅಜ್ಜಾರ, ಆವಾಗ ನೀವು ಎಣಿಸಿದ್ರೇನ್ರಿ?”

“ಇಲ್ಲವ್ವಾ, ಎಣಿಸಿರಲಿಲ್ಲ. ಅಂದಾಜೂ ಮಾಡಿರಲಿಲ್ಲ. ಕೇಳಲಿಕ್ಕೆ ಚೆಂದ ಅಂತ ಬರೆದದ್ದು” ಎಂದೆವು. ನಮ್ಮ ಗೆಳೆಯರು ಚಹಾದ ಬಟ್ಟಲನ್ನು ಕೆಳಗಿಟ್ಟು ಎದ್ದುಹೋದರು.

ಬಾಂಧವರೇ, ಒಂದು ಸುಳ್ಳು ಸಂಖ್ಯೆಯಿಂದ ಯಾರಿಗೇನು ಹಾನಿ ಎಂದು ತಾವು ಕೇಳಬಹುದು. ನಾವೂ ಹಾಗೆಯೇ ತಿಳಿದಿದ್ದೆವು. ವಿಚಾರಿಸಿ ನೋಡಿದರೆ ಹಾನಿ ಹಲವು. ಇಂದು ೧,೧೩೬ ಇರುವ ಹಕ್ಕಿಗಳು ಐದು ವರ್ಷದಲ್ಲಿ ಐದುನೂರಕ್ಕೆ ಇಳಿದರೆ, ಆ ಇಳಿತವನ್ನು ಕಂಡುಹಿಡಿಯುವುದು ಸರಿಯಾದ ಲೆಕ್ಕವಿದ್ದಾಗ ಮಾತ್ರ ಸಾಧ್ಯ. ಫಲಕದ ಮೇಲೆ ಹತ್ತು ಸಾವಿರ ನಿಂತಿರುವವರೆಗೆ ಕೆರೆ ತುಂಬಿದೆಯೆಂದೇ ಎಲ್ಲರೂ ನಂಬಿರುತ್ತಾರೆ. ಇನ್ನೊಂದು ಕಡೆಯಿಂದ, ಹೊಲದ ಕಡಲೆಯನ್ನು ಹಕ್ಕಿ ಮೇದರೆ, ಹತ್ತು ಸಾವಿರ ಹಕ್ಕಿಗಳು ತಿಂದುಹೋದವೆಂದು ರೈತನ ಸಿಟ್ಟು ಇಮ್ಮಡಿಯಾಗುತ್ತದೆ. ನಾವು ಪ್ರೀತಿಯಿಂದ ಏರಿಸಿದ ಸಂಖ್ಯೆಯೇ ಹಕ್ಕಿಗಳ ಮೇಲೆ ದೂರಾಗಿ ನಿಲ್ಲುತ್ತದೆ.

ಸರಿಯಾದ ಲೆಕ್ಕಕ್ಕೆ ಬೆಲೆಯಿಲ್ಲವೆಂದೂ ತಿಳಿಯಬಾರದು. ೧೯೭೧ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಹಲವು ರಾಷ್ಟ್ರಗಳು ಜೌಗು ಪ್ರದೇಶಗಳ ರಕ್ಷಣೆಗಾಗಿ ಒಂದು ಒಡಂಬಡಿಕೆ ಮಾಡಿಕೊಂಡವು. ನಿಯತವಾಗಿ ೨೦ ಸಾವಿರ ನೀರುಹಕ್ಕಿಗಳಿಗೆ ನೆಲೆಯಾಗುವುದು, ಇಲ್ಲವೇ ಒಂದು ಬಗೆಯ ನೀರುಹಕ್ಕಿಗಳ ಒಟ್ಟು ಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟಾದರೂ ಒಂದೆಡೆ ಇರುವುದು — ಒಂದು ತಾಣವನ್ನು ಆ ಪಟ್ಟಿಗೆ ಸೇರಿಸುವ ಒರೆಗಲ್ಲುಗಳಲ್ಲಿ ಇವೂ ಎರಡು. ಇವುಗಳನ್ನು ಹೇಳಬೇಕಾದರೆ ಯಾರಾದರೂ ದಂಡೆಯ ಮೇಲೆ ನಿಂತು ವರ್ಷವರ್ಷವೂ ಎಣಿಸಲೇಬೇಕು. ನಮ್ಮ ರಾಜ್ಯದಿಂದ ೨೦೨೨ರಲ್ಲಿ ರಂಗನತಿಟ್ಟು ಆ ಪಟ್ಟಿಗೆ ಸೇರಿತು. ೨೦೨೪ರಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಮತ್ತು ಉತ್ತರ ಕನ್ನಡದ ಅಘನಾಶಿನಿ ನದೀಮುಖಗಳು ಸೇರಿದವು. ಮಾಗಡಿ ಮತ್ತು ಅಂಕಸಮುದ್ರಗಳೆರಡೂ ನಮ್ಮ ಕೆರೆಯಂತಹ ಊರ ಕೆರೆಗಳೇ ಆಗಿವೆ.

ಕೆರೆಗೆ ಹೋಗಲಾಗದ ತಾಯಂದಿರೂ ವೃದ್ಧರೂ ಮನೆಯಂಗಳದಲ್ಲಿಯೇ ಈ ಸೇವೆಯನ್ನು ಮಾಡಬಹುದು. ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಿಲ ಹಕ್ಕಿಗಳ ಎಣಿಕೆ ನಡೆಯುತ್ತದೆ. ಅಮೆರಿಕ ಮತ್ತು ಕೆನಡಾಗಳಲ್ಲಿ ೧೯೯೮ರಲ್ಲಿ ಆರಂಭವಾದ ಇದಕ್ಕೆ ೨೦೧೩ರಿಂದ ನಮ್ಮ ದೇಶದವರೂ ಸೇರಿದ್ದಾರೆ. ಮಾಡಬೇಕಾದದ್ದು ಇಷ್ಟೇ. ಮಾಳಿಗೆಯ ಮೇಲಾಗಲಿ ಅಂಗಳದಲ್ಲಾಗಲಿ ಕನಿಷ್ಠ ಹದಿನೈದು ನಿಮಿಷ ಕುಳಿತು, ಕಂಡ ಹಕ್ಕಿಯ ಹೆಸರು ಮತ್ತು ಸಂಖ್ಯೆಯನ್ನು ಬರೆಯಬೇಕು. ದಿನಾಂಕ, ಸ್ಥಳ, ಆರಂಭಿಸಿದ ಮತ್ತು ಮುಗಿಸಿದ ವೇಳೆಯನ್ನು ಗುರುತಿಸಬೇಕು. ಮನೆಯ ಮಕ್ಕಳು ಮೊಬೈಲಿನಲ್ಲಿ ಇ-ಬರ್ಡ್ ಎಂಬುದರ ಮೂಲಕ ಆ ಪಟ್ಟಿಯನ್ನು ಕಳುಹಿಸಿಕೊಡುತ್ತಾರೆ. ಗುರುತು ಸಿಗದ ಹಕ್ಕಿಗೆ ಊಹೆಯಿಂದ ಹೆಸರು ಕೊಡಬಾರದು. ಗುಬ್ಬಿ, ಕಾಗೆ, ಗೊರವಂಕಗಳೆಂದು ತಾತ್ಸಾರ ಮಾಡಿ ಬಿಡಬಾರದು. ಹಕ್ಕಿ ಕಡಿಮೆ ಕಂಡ ದಿನದ ಪಟ್ಟಿಯನ್ನು ಹರಿದುಹಾಕಬಾರದು. ಗೂಡಿನ ಬಳಿಗೆ ಹೋಗಬಾರದು. ಚಿತ್ರ ತೆಗೆಯುವ ಆಸೆಗೆ ಕುಳಿತ ಹಿಂಡನ್ನು ಎಬ್ಬಿಸಬಾರದು.

ಇಂತಹ ಚಿಕ್ಕ ಪಟ್ಟಿಗಳಿಂದ ಏನಾಯಿತೆಂಬುದಕ್ಕೆ ೨೦೨೩ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೇ ಸಾಕ್ಷಿ. ೩೦ ಸಾವಿರ ಪಕ್ಷಿವೀಕ್ಷಕರು ಬರೆದಿಟ್ಟ ಸುಮಾರು ೩ ಕೋಟಿ ದಾಖಲೆಗಳನ್ನು ಆಧರಿಸಿ ೯೪೨ ಬಗೆಯ ಹಕ್ಕಿಗಳ ಸ್ಥಿತಿಯನ್ನು ಅದರಲ್ಲಿ ಪರಿಶೀಲಿಸಲಾಗಿದೆ. ೧೭೮ ಬಗೆಯ ಹಕ್ಕಿಗಳ ಕಡೆಗೆ ಹೆಚ್ಚಿನ ಗಮನ ಬೇಕೆಂದು ಅದು ಹೇಳುತ್ತದೆ. ನವಿಲುಗಳು ಹೆಚ್ಚಿವೆ. ಆದರೆ ನಮ್ಮ ರಾಜ್ಯಪಕ್ಷಿಯಾದ ನೀಲಕಂಠ ಕಡಿಮೆಯಾಗುತ್ತಿದೆ. ತಂತಿಯ ಮೇಲೆ ಕುಳಿತ ನೀಲಕಂಠವನ್ನು ಕಂಡು ಶುಭವೆಂದು ಕೈಮುಗಿಯುವ ನಾವು, ಹೋದ ವರ್ಷ ಎಷ್ಟನ್ನು ಕಂಡಿದ್ದೆವು ಎಂದು ಕೇಳಿಕೊಂಡವರಲ್ಲ. ಎಣಿಸಿಕೊಂಡ ಹಕ್ಕಿ ನಮಗೆ ಕೃತಜ್ಞತೆ ಹೇಳುವುದಿಲ್ಲ, ಎಣಿಸಿದವರ ಹೆಸರೂ ವರದಿಯಲ್ಲಿ ದೊಡ್ಡಕ್ಷರದಲ್ಲಿ ಬರುವುದಿಲ್ಲ. ಹಾಗಿದ್ದೂ ಮೂವತ್ತು ಸಾವಿರ ಜನ ಬರೆದರು. ಇದಕ್ಕಿಂತ ಶುದ್ಧವಾದ ಕಾಯಕ ಯಾವುದಿದೆ ಎಂದು ನಾವು ಎಷ್ಟೋ ಸಲ ಯೋಚಿಸಿದ್ದೇವೆ.

ಮುಂದಿನದನ್ನೂ ಹೇಳಿ ಮುಗಿಸುತ್ತೇವೆ. ಒಂದು ವಾರದ ಮೇಲೆ ನಾವು ಗೆಳೆಯರ ಮನೆಗೆ ಹೋದೆವು. ನಮ್ಮ ತಪ್ಪಿನಿಂದ ಊರಿನ ಮುಂದೆ ಅವರ ಮಾತು ಹಗುರವಾಯಿತೆಂದು ಕ್ಷಮೆ ಕೇಳಿದೆವು. ಅವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಅರ್ಜಿಯನ್ನು ಹೊರತೆಗೆದು ನಮ್ಮ ಮುಂದಿಟ್ಟು, “ನೀವ ಕೆಡಿಸೀರಿ, ನೀವ ತಿದ್ದರಿ” ಎಂದರು. ಗಣತಿಯ ಪಟ್ಟಿಯನ್ನು ಜೊತೆಗಿಟ್ಟು, ಪ್ರತಿವರ್ಷ ಎಣಿಸಿ ಕಳುಹಿಸುವುದಾಗಿ ಒಂದು ಸಾಲು ಸೇರಿಸಿ, ಹೊಸದಾಗಿ ಬರೆದುಕೊಟ್ಟೆವು. ಉತ್ತರ ಇನ್ನೂ ಬಂದಿಲ್ಲ. ಏರಿ ಇನ್ನೂ ಸೋರುತ್ತಿದೆ. ಮಳೆಗಾಲಕ್ಕೆ ಮುನ್ನ ಊರವರೇ ಮಣ್ಣು ಹಾಕಬೇಕೆಂದು ನಿಶ್ಚಯವಾಗಿದೆ, ಬಳಗದ ಮಕ್ಕಳೂ ಬುಟ್ಟಿ ಹೊರಲು ಬರುತ್ತೇವೆಂದಿದ್ದಾರೆ.

ಫಲಕವನ್ನು ನಮ್ಮ ಖರ್ಚಿನಲ್ಲಿ ಅಳಿಸಿ ಬರೆಯಿಸಿದೆವು. ಈಗ ಅದರ ಮೇಲೆ ಜನವರಿಯ ತಾರೀಖು, ೧,೧೩೬ ಎಂಬ ಸಂಖ್ಯೆ, ಎಣಿಸಿದವರು ಹದಿನಾಲ್ಕು ಜನ ಎಂಬ ಮಾತು ಇಷ್ಟೇ ಇವೆ. ಬಣ್ಣದವನು ಕೆಳಗೆ ನಮ್ಮ ಹೆಸರನ್ನು ಬರೆಯಲೇ ಎಂದು ಕೇಳಿದ. ಬೇಡ, ಆ ಜಾಗವನ್ನು ಮುಂದಿನ ವರ್ಷದ ಲೆಕ್ಕಕ್ಕೆ ಬಿಡು ಎಂದೆವು.